ಗಡಂಗಿನಲ್ಲಿ ಹೊಲಿಗೆ ಮಿಶನು

ಅಭಿವೃದ್ಧಿ ಬ್ಲಾಕಿನ ಜೀಪು ನಮ್ಮ ಊರಿಗೆ ಮೊದಲ ಸಲ ಬಂದಾಗ ನಾನು ಗದ್ದೆಯ ಬದುವಿನ ಮೇಲೆ ಹುಲ್ಲು ಹೆರೆಯುತ್ತಿದ್ದೆ. ನಮ್ಮದು ನೆರಿಯದ ಆಚೆ, ಘಟ್ಟದ ಬುಡದ ಊರು. ಜೀಪು ಮನೆಯವರೆಗೆ ಬರಲಿಲ್ಲ, ತೋಡೆಂಬ ಸಣ್ಣ ಹಳ್ಳದ ಆಚೆಗೇ ನಿಂತಿತು. ಅಲ್ಲಿಂದ ಬಿಳಿ ಸೀರೆಯ ಒಬ್ಬ ಹೆಂಗಸು ಕೊಡೆ ಬಿಡಿಸಿಕೊಂಡು, ಒಂದು ಕೈಯಲ್ಲಿ ಚಪ್ಪಲಿ ಹಿಡಿದು, ತೋಡು ದಾಟಿ ಬಂದರು. ಅವರು ಗ್ರಾಮಸೇವಕಿ. ಉಡುಪಿ ಕಡೆಯವರು. ಸರಕಾರದ ಸಂಬಳ ತೆಗೆದುಕೊಳ್ಳುವ ಹೆಂಗಸನ್ನು ನಾನು ಅದೇ ಮೊದಲು ನೋಡಿದ್ದು.

ನಾನು ಎಂಟನೆಯ ತರಗತಿ ಮುಗಿಸಿ ಮನೆಯಲ್ಲಿದ್ದೆ. ಆ ಕಾಲಕ್ಕೆ ಅದು ದೊಡ್ಡ ಓದೇ. ಮದುವೆಯ ಮಾತು ಬರುತ್ತಿತ್ತು, ಹೋಗುತ್ತಿತ್ತು. ಗ್ರಾಮಸೇವಕಿ ನಮ್ಮ ಜಗಲಿಯಲ್ಲಿ ಕೂತು ಬೆಲ್ಲ, ನೀರು ತೆಗೆದುಕೊಂಡು ವಿಷಯ ಹೇಳಿದರು. ಹಳ್ಳಿಯ ಹುಡುಗಿಯರಿಗೆ ಸರಕಾರ ಹೊಲಿಗೆ ಕಲಿಸುತ್ತದೆ. ಕಲಿಯುವಷ್ಟು ದಿನ ಖರ್ಚಿಗೆ ಕೊಡುತ್ತದೆ. ಕಲಿತು ಬಂದ ಮೇಲೆ ಕೆಲವು ಹೆಂಗಸರು ಸೇರಿ ಸಂಘ ಕಟ್ಟಿದರೆ ಮಿಶನಿನ ಅರ್ಧ ಕ್ರಯ ಸರಕಾರದ್ದೇ. ಕೂತು ಕೆಲಸ ಮಾಡಲು ಕಟ್ಟಡವೂ ಸಿಗುತ್ತದೆ.

ಅಪ್ಪ ವೀಳ್ಯ ಜಗಿಯುತ್ತ ಎಲ್ಲ ಕೇಳಿದರು. "ಸರಕಾರ ಕೊಡುದಾ? ಇಷ್ಟು ವರ್ಷ ಅದು ತೆಗೊಂಡದ್ದು ಮಾತ್ರ ನೋಡಿದ್ದು ನಾನು."

ಗ್ರಾಮಸೇವಕಿ ನಕ್ಕರು. "ಈಗ ಕೊಡುವ ಕಾಲ ಬಂದಿದೆ ಅಂತ ತಿಳ್ಕೊಳ್ಳಿ. ಎಷ್ಟು ದಿನ ಅಂತ ನನಗೂ ಗೊತ್ತಿಲ್ಲ. ಕೊಡುವಾಗ ಕೈ ಒಡ್ಡಿದರೆ ಆಯ್ತು."

ಅಪ್ಪನಿಗೆ ಆ ಮಾತು ಹಿಡಿಸಿತು. ಆದರೂ ಹುಡುಗಿಯನ್ನು ಎಲ್ಲಿಗೆ ಕಳಿಸುವುದು ಎಂಬ ಪ್ರಶ್ನೆ ಇತ್ತು. ತರಬೇತಿ ಇದ್ದದ್ದು ಮೂಡುಬಿದಿರೆಯಲ್ಲಿ. ಆಗ ಒಳಗಿನಿಂದ ಅಮ್ಮ, ಯಾರಿಗೂ ಅಲ್ಲ ಎಂಬಂತೆ, ಗಟ್ಟಿಯಾಗಿ ಹೇಳಿದಳು: "ನನ್ನ ತಂಗಿ ಮೂಡುಬಿದಿರೆಯಲ್ಲೇ ಇರುದಲ್ವಾ. ಅವಳು ಸತ್ತಿಲ್ಲ." ಅಲ್ಲಿಗೆ ತೀರ್ಮಾನವಾಯಿತು.

ಮೂಡುಬಿದಿರೆಯ ಆ ತಿಂಗಳುಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಚಿಕ್ಕಮ್ಮನ ಮನೆ ಬಸದಿಗಳ ಬೀದಿಯ ಹಿಂದೆ. ಬೆಳಿಗ್ಗೆ ಗಂಟೆಯ ಸದ್ದಿಗೆ ಏಳುವುದು, ಗಂಜಿ ಕುಡಿದು ಹೊರಡುವುದು. ತರಬೇತಿ ನಡೆಯುತ್ತಿದ್ದದ್ದು ಹಳೆಯ ವ್ಯಾಪಾರಿಯೊಬ್ಬರ ಮನೆಯ ಮಾಳಿಗೆಯಲ್ಲಿ. ಮರದ ಮೆಟ್ಟಿಲು ಹತ್ತಿದರೆ ಉದ್ದದ ಕೋಣೆ, ಸಾಲಾಗಿ ಕರಿಯ ಮಿಶನುಗಳು. ಮಿಜಾರು, ವೇಣೂರು, ಪುಂಜಾಲಕಟ್ಟೆ ಎಲ್ಲ ಕಡೆಯ ಹುಡುಗಿಯರು ಇದ್ದೆವು. ಮಂಗಳೂರಿನಿಂದ ಬಂದ ಟೀಚರು ಮೊದಲ ವಾರ ನೂಲನ್ನೇ ಮುಟ್ಟಗೊಡಲಿಲ್ಲ. ಬರಿಯ ಪೆಡಲು ತುಳಿಯಬೇಕು. ಚಕ್ರ ಒಂದೇ ಕಡೆಗೆ ತಿರುಗಬೇಕು. ನನ್ನ ಚಕ್ರ ನಾಲ್ಕು ಸುತ್ತು ಮುಂದೆ ಹೋದರೆ ಒಂದು ಸುತ್ತು ಹಿಂದೆ ಬರುತ್ತಿತ್ತು. ಟೀಚರು ಹಿಂದೆ ನಿಂತು, "ಎಂತ, ಊರಿಗೆ ವಾಪಾಸು ಹೋಗ್ಲಿಕ್ಕೆ ಮನಸ್ಸುಂಟಾ ನಿನ್ನ ಮಿಶನಿಗೆ?" ಎಂದು ಕೇಳುತ್ತಿದ್ದರು.

ಆಮೇಲೆ ಕಂದು ಕಾಗದದ ಮೇಲೆ ಗೆರೆ ಎಳೆದು ಕತ್ತರಿಸುವುದು, ರವಿಕೆ, ಲಂಗ, ಮಕ್ಕಳ ಜುಬ್ಬ. ಗುರುತು ಹಾಕಲು ಸವೆದ ಸಾಬೂನಿನ ತುಂಡು. ಚಿಕ್ಕಮ್ಮನ ಮನೆಯ ತಲೆದಿಂಬುಗಳಿಗೆಲ್ಲ ನಾನು ಚೀಲ ಹೊಲಿದೆ. ದಿಂಬು ಮುಗಿದ ಮೇಲೆ ಚಿಕ್ಕಪ್ಪ ತಮ್ಮ ಕೊಡೆಗೂ ಒಂದು ಚೀಲ ಹೊಲಿಸಿಕೊಂಡರು. ಪೇಟೆಗೆ ಆಗಷ್ಟೇ ವಿದ್ಯುತ್ ದೀಪ ಬಂದಿತ್ತು. ಸಂಜೆ ನಾವು ಹುಡುಗಿಯರು ಮೆಟ್ಟಿಲಿಳಿದು ಬರುವಾಗ ಅಂಗಡಿ ಬೀದಿಯ ಬಲ್ಬುಗಳು ಹತ್ತಿಕೊಳ್ಳುವುದನ್ನು ನೋಡಲೆಂದೇ ನಿಲ್ಲುತ್ತಿದ್ದೆವು. ಅದು ಹತ್ತಿದ ಕೂಡಲೇ ಎಲ್ಲರೂ ಒಟ್ಟಿಗೆ "ಹಾ" ಎನ್ನುವುದು. ದಿನವೂ ಅದೇ.

ತರಬೇತಿ ಮುಗಿದ ಮೇಲೆ ನನ್ನನ್ನು ಬೆಳ್ತಂಗಡಿಯ ಸಂಘಕ್ಕೆ ಸೇರಿಸಿದರು. ನಮ್ಮ ಊರಿನಿಂದ ದಿನಾ ಹೋಗಿ ಬರುವ ದೂರ ಅಲ್ಲ. ಗ್ರಾಮಸೇವಕಿಯೇ ಒಂದು ಮನೆ ನೋಡಿಕೊಟ್ಟರು. ಆ ಮನೆಯಾಕೆಯನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದದ್ದು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಬೀಡಿ ಕಟ್ಟಿ ಬದುಕುತ್ತಿದ್ದಳು. ಮಾತು ಮೆಣಸಿನ ಹಾಗೆ. ನಾನು ಟ್ರಂಕು ಹಿಡಿದು ಹೋದ ದಿನ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ನೀನು ಗೊರಕೆ ಹೊಡೀತೀಯಾ?" ಎಂದು ಕೇಳಿದಳು. ಇಲ್ಲ ಎಂದೆ. "ನಾನು ಹೊಡೀತೇನೆ. ಅಭ್ಯಾಸ ಮಾಡ್ಕೋ" ಎಂದು ಒಳಗೆ ಕರೆದಳು. ಬೀಡಿಯ ಹೊಗೆಸೊಪ್ಪಿನಿಂದ ಅವಳಿಗೆ ಕೆಮ್ಮು ಹಿಡಿದಿತ್ತು. ಹೊಲಿಗೆಯ ಸಂಘಕ್ಕೆ ಅವಳು ಸೇರಿದ್ದು ಅದಕ್ಕೇ. ಸೇರಿದ ಮರುವಾರವೇ ಉಳಿದವರು ಅವಳನ್ನು ಅಧ್ಯಕ್ಷೆ ಮಾಡಿದ್ದರು. ಬೇರೆ ಯಾರಿಗೂ ಆಫೀಸಿನವರ ಎದುರು ಬಾಯಿ ಬರುತ್ತಿರಲಿಲ್ಲ.

ಸಂಘಕ್ಕೆ ಸಿಕ್ಕಿದ ಕಟ್ಟಡ ಪೇಟೆಯ ಕೊನೆಯ ಹಳೆಯ ಗಡಂಗು. ಗಡಂಗು ಎಂದರೆ ಸಾರಾಯಿ ಅಂಗಡಿ. ನಾವು ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಪಾನನಿರೋಧ ಬಂದು ಅದು ಮುಚ್ಚಿತ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ನಮ್ಮ ಜಿಲ್ಲೆಯಲ್ಲಿ ಪಾನನಿರೋಧ ಹಾಗೇ ಮುಂದುವರಿದಿತ್ತು, ಗಡಂಗು ಪಾಳು ಬಿದ್ದಿತ್ತು. ಅದರ ಧಣಿ ಬಂಟ್ವಾಳದಲ್ಲಿದ್ದ ಒಬ್ಬ ಶ್ರೀಮಂತರು. ಪೇಟೆಯ ಆ ಮೂಲೆ ಕೆಟ್ಟು ಹೋಗಿದೆ, ಅದನ್ನು ಸುಧಾರಿಸಬೇಕು ಎಂದು ಬ್ಲಾಕಿನವರು ಹೊರಟಾಗ ಅವರು ಕಟ್ಟಡವನ್ನು ಉಪಯೋಗಕ್ಕೆ ಮಾತ್ರ ಬಿಟ್ಟುಕೊಟ್ಟರು. ಬ್ಲಾಕಿನವರು ಮಾಡಿಗೆ ಹೊಸ ಹಂಚು ಹಾಕಿಸಿದರು, ಎದುರಿನ ಚರಂಡಿಗೆ ಕಲ್ಲು ಕಟ್ಟಿಸಿದರು. ಒಳಗಿನ ಕೆಲಸ ನಮ್ಮದು.

ನಾವೆಲ್ಲ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದೆವು. ಹಿತ್ತಿಲಿನಲ್ಲಿ ಕೆದಕಿದಲ್ಲೆಲ್ಲ ಒಡೆದ ಬಾಟಲಿ. ಗೋಡೆಗೆ ಸುಣ್ಣ ಬಳಿದರೂ ನಾತ ಹೋಗಲಿಲ್ಲ, ಮತ್ತೆ ಬಳಿದೆವು. ಕುಡುಕರು ಕೂರುತ್ತಿದ್ದ ಉದ್ದದ ಬೆಂಚುಗಳನ್ನು ಬೂದಿ ಹಾಕಿ ತಿಕ್ಕಿ, ಜೋಡಿಸಿ, ಬಟ್ಟೆ ಕತ್ತರಿಸುವ ಮೇಜು ಮಾಡಿದೆವು. ಕೆಲಸ ನಡೆಯುತ್ತಿರುವಾಗ ಒಬ್ಬ ಮುದುಕ ಬಾಗಿಲಿಗೆ ಬಂದು ಕೈಮುಗಿದು ನಿಂತ. ಕಣ್ಣಲ್ಲಿ ನೀರು. "ಪುನಃ ಶುರು ಆಗ್ತದಾ ಅಕ್ಕ?" ಎಂದು ಕೇಳಿದ.

"ಆಗ್ತದೆ," ಎಂದಳು ದೊಡ್ಡಕ್ಕ. "ನಿಮ್ಮ ಅಂಗಿ ಹರಿದದ್ದು ಇದ್ರೆ ತನ್ನಿ."

ಮುದುಕ ಮರುದಿನ ನಿಜವಾಗಿ ಒಂದು ಹರಿದ ಅಂಗಿ ತಂದ. ಅದೇ ನಮ್ಮ ಮೊದಲ ಕೆಲಸ.

ಮಿಶನುಗಳು ಬಂಟ್ವಾಳದಿಂದ ಲಾರಿಯಲ್ಲಿ, ಒಣಮೀನಿನ ಬುಟ್ಟಿಗಳ ನಡುವೆ ಬಂದವು. ಇಳಿಸಿದಾಗ ಅವುಗಳ ಮೈಯೆಲ್ಲ ಮೀನಿನ ವಾಸನೆ. ಒರೆಸಿ, ಕುಂಕುಮ ಇಟ್ಟು, ಹೂವು ಮುಡಿಸಿ ಗೋಡೆಗೆ ಸಾಲಾಗಿ ಇಟ್ಟೆವು. ಬೀದಿಯಲ್ಲಿ ಹೋಗುವ ಗಂಡಸರು ಕಿಟಕಿಯಲ್ಲಿ ಇಣುಕಿ ತಮಾಷೆ ಮಾಡುತ್ತಿದ್ದರು, "ಎಂತ, ಇವತ್ತು ಒಳ್ಳೆ ಮಾಲು ಉಂಟಾ?" ಎಂದು. ದೊಡ್ಡಕ್ಕ ಒಳಗಿನಿಂದಲೇ ಅವರ ಅಪ್ಪಂದಿರ ಹೆಸರು ಹಿಡಿದು ಉತ್ತರ ಕೊಡುತ್ತಿದ್ದಳು. ಎರಡು ತಿಂಗಳಲ್ಲಿ ತಮಾಷೆ ನಿಂತಿತು.

ಹೆಂಗಸರೇ ಅಳತೆ ತೆಗೆಯುತ್ತಾರೆ ಎಂಬ ಸುದ್ದಿ ಹಳ್ಳಿಗಳಿಗೆ ಹೋಯಿತು. ರವಿಕೆ ಹೊಲಿಸಲು ಸಂಕೋಚಪಡುತ್ತಿದ್ದ ತಾಯಂದಿರು ಮಗಳಂದಿರನ್ನು ಕರೆದುಕೊಂಡು ಬರುತ್ತಿದ್ದರು. ಒಬ್ಬ ಅಜ್ಜಿ ಹುಟ್ಟಿದ ಮೇಲೆ ಮೊದಲ ಸಲ ಅಳತೆ ಕೊಟ್ಟದ್ದು ನಮ್ಮಲ್ಲಿ. ಟೇಪು ಸುತ್ತುವಾಗ ಕಚಗುಳಿ ತಾಳಲಾರದೆ ಕೂತುಬಿಟ್ಟರು. ಆದರೆ ಇದೆಲ್ಲ ಹಬ್ಬದ ತಿಂಗಳಿನ ಸಂಭ್ರಮ. ಹಬ್ಬ ಮುಗಿದರೆ ಮಿಶನುಗಳಿಗೆ ಎಣ್ಣೆ ಹಾಕಿ, ಒರೆಸಿ, ಕೂತು ಬೀದಿ ನೋಡುವುದು. ಕೆಲವರು ಪುನಃ ಬೀಡಿ ಕಟ್ಟುವ ಮೊರ ತಂದು ಮಡಿಲಲ್ಲಿಟ್ಟುಕೊಂಡು ಕೂರತೊಡಗಿದರು.

ಆಗಲೇ ಬಿ.ಡಿ.ಒ. ಸಾಹೇಬರು ಬಂದದ್ದು. ಅವರು ಬ್ಲಾಕಿನ ದೊಡ್ಡ ಅಧಿಕಾರಿ, ಘಟ್ಟದ ಮೇಲಿನ ಮೈಸೂರು ಕಡೆಯವರು. ಅವರ "ಬರ್ತೀನಿ, ಮಾಡ್ತೀನಿ" ಕೇಳುವುದೇ ನಮಗೊಂದು ಮೋಜು. ನಾವು ಶಾಲೆಯ ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಉತ್ತರ ಕೊಡುವುದು ಅವರಿಗೆ ಮೋಜು.

"ಒಳ್ಳೇ ಸುದ್ದಿ ತಂದಿದೀನಿ ಕಣ್ರಮ್ಮ," ಎಂದರು. "ಸರ್ಕಾರಿ ಹಾಸ್ಟೆಲ್ ಹುಡುಗರ ಅಂಗಿ, ಚಡ್ಡಿ ಎಲ್ಲ ಇನ್ಮೇಲೆ ಸಹಕಾರ ಸಂಘಕ್ಕೇ ಕೊಡ್ಬೇಕು ಅಂತ ಆಗಿದೆ. ಈ ತಾಲ್ಲೂಕಲ್ಲಿ ಸಂಘ ಅಂದ್ರೆ ನೀವೇ."

ಅವರು ಹೋದ ಮೇಲೆ ನಾವು ಒಬ್ಬರನ್ನೊಬ್ಬರು ಹಿಡಿದು ಕುಣಿದೆವು. ದೊಡ್ಡಕ್ಕ ಹೆಸರುಬೇಳೆ ಪಾಯಸ ಮಾಡಿದಳು. ಮಳೆಗಾಲದಲ್ಲೂ ಕೆಲಸ ಉಂಟು, ಹಬ್ಬ ಇಲ್ಲದಾಗಲೂ ಉಂಟು ಎಂಬುದು ನಮಗೆ ಸಣ್ಣ ಮಾತಾಗಿರಲಿಲ್ಲ.

ನಾಲ್ಕೈದು ದಿನಗಳ ನಂತರ ಮಧ್ಯಾಹ್ನದ ಹೊತ್ತು ಒಬ್ಬ ಹೆಂಗಸು ಬಾಗಿಲಿಗೆ ಬಂದರು. ಉದ್ದನೆಯ ತೋಳಿನ ರವಿಕೆ, ಕೊರಳಲ್ಲಿ ಶಿಲುಬೆಯ ಸರ. ಪೇಟೆಯ ಟೈಲರಿನ ಹೆಂಡತಿ ಎಂದು ಗುರುತು ಸಿಕ್ಕಿತು. ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಪೊರ್ಬು, ಪೊರ್ಬುಗಳು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವ ವಾಡಿಕೆ. ಟೈಲರು ಪೊರ್ಬುಗಳು ಜವಳಿ ಅಂಗಡಿಯ ಜಗಲಿಯಲ್ಲಿ ಮಿಶನು ಇಟ್ಟು ಎಷ್ಟೋ ವರ್ಷದಿಂದ ಊರಿನ ಗಂಡಸರ ಬಟ್ಟೆ ಹೊಲಿಯುತ್ತಿದ್ದರು.

ಬಾಯಮ್ಮ ಒಳಗೆ ಬರಲು ಹಿಂಜರಿದರು. ದೊಡ್ಡಕ್ಕ ಎದ್ದು ಹೋಗಿ ಕೈ ಹಿಡಿದು ಕರೆತಂದು ಕೂರಿಸಿದಳು.

"ನನ್ನನ್ನೂ ಸಂಘಕ್ಕೆ ಸೇರಿಸಿಕೊಳ್ತೀರಾ?" ಎಂದರು ಬಾಯಮ್ಮ. "ಮಿಶನು ನನಗೆ ಬರುದಿಲ್ಲ. ಕಾಜ ಮಾಡ್ಲಿಕ್ಕೆ, ಗುಂಡಿ ಇಡ್ಲಿಕ್ಕೆ, ಅಂಚು ಮಡಚಿ ಹೊಲೀಲಿಕ್ಕೆ ಬರ್ತದೆ. ಅವರು ಹೊಲಿದ ಅಂಗಿಗಳ ಕಾಜ ಎಲ್ಲ ನಾನೇ ಮಾಡಿದ್ದು."

"ಪೊರ್ಬುಗಳಿಗೆ ಗೊತ್ತುಂಟಾ ನೀವು ಬಂದದ್ದು?"

"ಇಲ್ಲ." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಹಾಸ್ಟೆಲಿನ ಬಟ್ಟೆ ಅವರೇ ಹೊಲೀತಾ ಇದ್ದದ್ದು. ಈ ಸಲ ಇಲ್ಲ ಅಂತ ವಾರ್ಡನು ಹೇಳಿ ಕಳಿಸಿದ್ರು. ಮಳೆಗಾಲಕ್ಕೆ ನಮಗೆ ಅದೊಂದೇ ಆಧಾರ. ಜೋರು ಮಳೆಯಲ್ಲಿ ಯಾರು ಹೊಸ ಅಂಗಿ ಹೊಲಿಸ್ತಾರೆ, ಹೇಳಿ. ಮನುಷ್ಯ ಊಟ ಸರಿ ಮಾಡುದಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ದೊಡ್ಡಕ್ಕ, ದೇವರಾಣೆ. ಕೆಲಸ ಇಲ್ಲಿಗೆ ಬಂದಿದೆ ಅಂತ ಕೇಳಿದೆ. ಅದಕ್ಕೆ ನಾನೂ ಇಲ್ಲಿಗೆ ಬಂದೆ."

ಮಿಶನುಗಳೆಲ್ಲ ನಿಂತುಬಿಟ್ಟಿದ್ದವು. ಆ ಬಟ್ಟೆ ಅಷ್ಟು ದಿನ ಯಾರು ಹೊಲಿಯುತ್ತಿದ್ದರು ಎಂದು ನಾವು ಯಾರೂ ಕೇಳಿರಲಿಲ್ಲ. ಆಕಾಶದಿಂದ ಬಿದ್ದ ಕೆಲಸ ಎಂದೇ ತಿಳಿದಿದ್ದೆವು. ಪಾಯಸದ ರುಚಿ ನನ್ನ ನಾಲಿಗೆಗೆ ಪುನಃ ಬಂತು.

ದೊಡ್ಡಕ್ಕ ಒಂದು ಸೂಜಿ, ನೂಲು ಬಾಯಮ್ಮನ ಕೈಗೆ ಕೊಟ್ಟಳು. "ಇವತ್ತಿನಿಂದ ನೀವು ನಮ್ಮವರೇ. ಪೊರ್ಬುಗಳ ವಿಷಯ ನಾನು ನೋಡ್ತೇನೆ."

ಅದೇ ಸಂಜೆ ದೊಡ್ಡಕ್ಕನೂ ನಾನೂ ಜವಳಿ ಅಂಗಡಿಯ ಜಗಲಿಗೆ ಹೋದೆವು. ಪೊರ್ಬುಗಳು ಎತ್ತರದ ಸಣಕಲು ಆಳು. ಕನ್ನಡಕದ ಒಂದು ಕಾಲು ಮುರಿದು ನೂಲು ಕಟ್ಟಿದ್ದರು. ಮಿಶನಿನ ಮೇಲೆ ಬಟ್ಟೆ ಇರಲಿಲ್ಲ. ಆದರೂ ನಮ್ಮನ್ನು ಕಂಡ ಕೂಡಲೇ ಪೆಡಲು ತುಳಿಯತೊಡಗಿದರು.

"ಪೊರ್ಬುಗಳೇ, ಹಾಸ್ಟೆಲಿನ ಬಟ್ಟೆ ನೀವೂ ನಾವೂ ಸೇರಿ ಹೊಲಿಯುವ," ಎಂದಳು ದೊಡ್ಡಕ್ಕ.

"ನಾನು ಸಂಘಕ್ಕೆ ಸೇರ್ಲಿಕ್ಕೆ ಆಗ್ತದಾ?"

"ಇಲ್ಲ. ಅದು ಹೆಂಗಸರ ಸಂಘ."

"ಮತ್ತೆ? ಸರಕಾರಕ್ಕೆ ನನ್ನ ಮೇಲೆ ಎಂತದ್ದು ಸಿಟ್ಟು? ಇಷ್ಟು ವರ್ಷ ಒಂದು ಚಡ್ಡಿಯ ಹೊಲಿಗೆ ಬಿಟ್ಟದ್ದುಂಟಾ? ನಾನು ಹೆಂಗಸಾಗಿ ಹುಟ್ಟದೇ ಇದ್ದದ್ದು ನನ್ನ ತಪ್ಪಾ?" ಅವರು ತುಳಿಯುವುದನ್ನು ನಿಲ್ಲಿಸಿದರು. "ನೀವು ಕನಿಕರ ತೋರಿಸ್ಲಿಕ್ಕೆ ಬರಬೇಡಿ. ಹೋಗಿ, ನಿಮ್ಮ ಮಿಶನಿಗೆ ಎಣ್ಣೆ ಹಾಕಿ."

ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ನನಗೆ ಅವಮಾನವಾಯಿತು. ದೊಡ್ಡಕ್ಕ ಮಾತ್ರ ದಾರಿಯುದ್ದಕ್ಕೂ, "ಸಿಟ್ಟು ಬಂದದ್ದು ಒಳ್ಳೇದಾಯ್ತು. ಸಿಟ್ಟು ಬಾರದಿದ್ದರೆ ಆ ಮನುಷ್ಯ ಮುಗಿದ ಅಂತ ಅರ್ಥ," ಎಂದುಕೊಂಡು ನಡೆದಳು.

ಮರುದಿನ ಬ್ಲಾಕಿನ ಆಫೀಸಿಗೆ ಹೋದೆವು. ಬಿ.ಡಿ.ಒ. ಸಾಹೇಬರ ಎದುರು ದೊಡ್ಡಕ್ಕ ತನ್ನ ಪುಸ್ತಕದ ಕನ್ನಡ ತೆಗೆದಳು. "ಸ್ವಾಮೀ, ನೀವು ಕೆಲಸ ಕೊಟ್ಟದ್ದು ಸಂತೋಷ. ಆದರೆ ಒಬ್ಬರ ಬಟ್ಟಲಿನಿಂದ ತೆಗೆದು ಇನ್ನೊಬ್ಬರ ಬಟ್ಟಲಿಗೆ ಹಾಕಿದರೆ ಊರು ಉದ್ಧಾರ ಆಯಿತು ಎಂದು ಹೇಳಲಿಕ್ಕೆ ಆಗುವುದಿಲ್ಲ." ಬಾಯಮ್ಮ ಬಂದದ್ದನ್ನೂ ಪೊರ್ಬುಗಳು ಬೈದದ್ದನ್ನೂ ಹೇಳಿದಳು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನಾನೇನ್ ಮಾಡ್ಲಮ್ಮ? ಈ ಕೆಲಸದ ರಿಯಾಯಿತಿ ಇರೋದು ಸಂಘಕ್ಕೆ ಮಾತ್ರ. ಒಬ್ಬ ಟೈಲರ್‌ಗೆ ಕೊಡೋ ಹಾಗಿಲ್ಲ. ಕಾನೂನು ಮಾಡಿದೋರು ಬೆಂಗಳೂರಲ್ಲಿ ಕೂತಿದಾರೆ, ಅವರಿಗೆ ನಿಮ್ಮ ಪೊರ್ಬು ಕಾಣಿಸಲ್ಲ."

"ನಿಮಗೆ ಕಾಣುತ್ತದಲ್ಲ."

ಸಾಹೇಬರು ನಗಲೋ ಬೇಡವೋ ಎಂಬಂತೆ ಅವಳನ್ನೇ ನೋಡಿದರು. ದೊಡ್ಡಕ್ಕ ಬಿಡಲಿಲ್ಲ. "ನಮಗೆ ಒಬ್ಬ ಮಾಸ್ತರರನ್ನು ಇಟ್ಟುಕೊಳ್ಳಲಿಕ್ಕೆ ಉಂಟೋ ಇಲ್ಲವೋ?"

ಉಂಟು. ಸಂಘಕ್ಕೆ ಸಂಬಳವಿರುವ ಒಬ್ಬ ಶಿಕ್ಷಕಿಯ ಜಾಗವನ್ನು ಸರಕಾರ ಕೊಟ್ಟಿತ್ತು. ಮಂಗಳೂರಿನಿಂದ ಬೆಳ್ತಂಗಡಿಗೆ ಬರಲು ಯಾರೂ ಒಪ್ಪದೆ ಅದು ಖಾಲಿ ಬಿದ್ದಿತ್ತು. ಸಾಹೇಬರು ಗುಮಾಸ್ತರನ್ನು ಕರೆದು ಕೇಳಿದರು. ಆ ಜಾಗಕ್ಕೆ ಗಂಡಸು ಬರಬಾರದೆಂದು ಎಲ್ಲಿಯೂ ಹೇಳಿರಲಿಲ್ಲ. ಹೆಂಗಸರ ಸಂಘಕ್ಕೆ ಗಂಡಸು ಕಲಿಸುತ್ತಾನೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

"ಆಯ್ತಮ್ಮ, ನಾಳೆಯಿಂದ ಅವರೇ ನಿಮ್ಮ ಮೇಷ್ಟ್ರು. ಒಪ್ಪಿಸೋದು ನಿಮ್ಮ ಕೆಲಸ," ಎಂದರು ಸಾಹೇಬರು.

ಒಪ್ಪಿಸುವುದೇ ಕಷ್ಟವಾಯಿತು. ನಾವು ಯಾರು ಹೋದರೂ ಪೊರ್ಬುಗಳು ಬೆನ್ನು ತಿರುಗಿಸಿ ಕೂರುತ್ತಿದ್ದರು. ಬಾಯಮ್ಮ ಅಷ್ಟರಲ್ಲಿ ದಿನವೂ ಬಹಿರಂಗವಾಗಿಯೇ ನಮ್ಮಲ್ಲಿಗೆ ಬರತೊಡಗಿದ್ದರು. ಮನೆಯಲ್ಲಿ ಮಾತುಕತೆ ನಿಂತಿದೆ ಎಂದು ತಿಳಿಯಿತು. ಹಾಸ್ಟೆಲಿನ ಖಾಕಿಯ ಥಾನುಗಳು ಬಂಟ್ವಾಳದಿಂದ ಬಸ್ಸಿನ ತಲೆಯ ಮೇಲೆ ಬಂದು ಇಳಿದವು. ಆ ದಿನ ಸಂಜೆ ಬಾಯಮ್ಮ ಹೊರಡುವಾಗ ಖಾಕಿಯ ಒಂದು ತುಂಡು ಕೇಳಿ ತೆಗೆದುಕೊಂಡು ಹೋದರು. ಏನು ಹೇಳಿದರೆಂದು ಆಮೇಲೆ ಅವರೇ ನಗುತ್ತ ತಿಳಿಸಿದರು. ಬಟ್ಟೆಯನ್ನು ಗಂಡನ ಊಟದ ಬಟ್ಟಲಿನ ಪಕ್ಕದಲ್ಲಿಟ್ಟು, "ಬಟ್ಟೆ ಬಂದಿದೆ. ಈ ಸಲ ತೆಳ್ಳಗೆ ಕಾಣ್ತದೆ ನನಗೆ. ಹುಡುಗರು ಕೂತಲ್ಲಿ ಹರಿದೀತು. ನನಗೆಂತ, ನಾನು ಕಾಜ ಮಾಡುವವಳು," ಎಂದರಂತೆ. ಪೊರ್ಬುಗಳು ಊಟ ಬಿಟ್ಟು ಆ ತುಂಡನ್ನು ದೀಪಕ್ಕೆ ಹಿಡಿದು ನೋಡುತ್ತ ಕೂತರಂತೆ.

ಬೆಳಿಗ್ಗೆ ನಾವು ಬಾಗಿಲು ತೆಗೆಯುವಾಗ ಅವರು ಜಗಲಿಯಲ್ಲಿ ನಿಂತಿದ್ದರು. ಕಂಕುಳಲ್ಲಿ ಟವಲಿನಲ್ಲಿ ಸುತ್ತಿದ ಕತ್ತರಿ.

"ಮಾಸ್ತರಿಕೆ ಎಲ್ಲ ನನಗೆ ಬೇಡ," ಎಂದರು ಯಾರ ಮುಖವನ್ನೂ ನೋಡದೆ. "ಚಡ್ಡಿಯ ಆಸನಕ್ಕೆ ಒಳಗಿನಿಂದ ಇನ್ನೊಂದು ಪದರ ಕೊಡಬೇಕು. ಅಷ್ಟು ಹೇಳಿ ಹೋಗುವ ಅಂತ ಬಂದೆ."

"ಹೇಳಿ," ಎಂದಳು ದೊಡ್ಡಕ್ಕ. "ಆದರೆ ಕೂತು ಹೇಳಿ."

"ಹೆಂಗಸರ ನಡುವೆ ನಾನು ಒಳಗೆ ಕೂತುಕೊಳ್ಳುದಿಲ್ಲ."

ಹಾಗಾಗಿ ಒಂದು ಬೆಂಚು ಜಗಲಿಗೆ ಬಂತು. ಪೊರ್ಬುಗಳು ಹೊರಗೆ ಕತ್ತರಿಸುವುದು, ಹಿಂದೆ ಸಾರಾಯಿ ಅಳೆದು ಕೊಡುತ್ತಿದ್ದ ಕಿಟಕಿಯಲ್ಲಿ ತುಂಡುಗಳನ್ನು ಒಳಗೆ ದಾಟಿಸುವುದು, ನಾವು ಹೊಲಿದು ಅದೇ ಕಿಟಕಿಯಲ್ಲಿ ತೋರಿಸುವುದು. ಸರಿಯಿದ್ದರೆ ಅವರು ಏನೂ ಹೇಳುತ್ತಿರಲಿಲ್ಲ. ಸರಿಯಿಲ್ಲದಿದ್ದರೆ ಬಟ್ಟೆ ಕಿಟಕಿಯಿಂದ ಹಾರಿ ಬರುತ್ತಿತ್ತು. ನನ್ನ ಮೊದಲ ಕಾಲರು ಹಾಗೆ ಎಷ್ಟು ಸಲ ಹಾರಿ ಬಂತೋ. ನನಗೆ ಅಳು ಬಂದಾಗ ಬಾಯಮ್ಮ ಪಿಸುಗುಟ್ಟುತ್ತಿದ್ದರು, "ಅಳಬೇಡ ಮಗಾ. ನನ್ನ ಮದುವೆಯಾದ ಹೊಸತರಲ್ಲಿ ಅನ್ನದ ಪಾತ್ರೆಯೂ ಹೀಗೇ ಹಾರಿದೆ. ಒಂದು ಸಲ ತಿರುಗಿ ನಾನೂ ಹಾರಿಸಿದೆ. ಆಮೇಲೆ ನಿಂತಿತು."

ಆಟಿ, ಎಂದರೆ ಆಷಾಢ ತಿಂಗಳ ಮಳೆ ಹಿಡಿದ ಮೇಲೆ ಎರಚಲು ಜಗಲಿಗೆ ಬಡಿಯತೊಡಗಿತು. ಮೊದಲು ಪೊರ್ಬುಗಳ ಬೆಂಚು ಬಾಗಿಲ ಬಳಿಗೆ ಬಂತು. ಇನ್ನೊಂದು ವಾರದಲ್ಲಿ ಹೊಸ್ತಿಲ ಒಳಗೆ. ಮಳೆ ಬಿಟ್ಟ ಮೇಲೆ ಬೆಂಚನ್ನು ಹೊರಗೆ ಇಡಲೇ ಎಂದು ನಾನು ಕೇಳಿದೆ. "ಹೊರಗೆ ಧೂಳು," ಎಂದರು. ಧೂಳು ಏಳಲು ಇನ್ನೂ ಮೂರು ತಿಂಗಳಿತ್ತು.

ಹಾಸ್ಟೆಲಿಗೆ ಬಟ್ಟೆ ತಲುಪಿಸಲು ನಾವೆಲ್ಲ ಹೋದೆವು. ಗಂಜಿ ಹಾಕಿದ ಹಾಗೆ ಸೆಟೆದು ನಿಲ್ಲುವ ಹೊಸ ಖಾಕಿ ಚಡ್ಡಿ ಹಾಕಿಕೊಂಡು ಹುಡುಗರೆಲ್ಲ ಅಂಗಳದಲ್ಲಿ ಓಡಿದರು. ಪೊರ್ಬುಗಳು ಕೈ ಹಿಂದೆ ಕಟ್ಟಿ ನಿಂತು, ಮುಖ ನೋಡದೆ ಹುಡುಗರ ಆಸನಗಳನ್ನೇ ನೋಡುತ್ತಿದ್ದರು. ದೊಡ್ಡಕ್ಕ ನನ್ನ ಪಕ್ಕೆಗೆ ತಿವಿದು ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಳು.

ಮುಂದಿನ ವರ್ಷಗಳು ಚೆನ್ನಾಗಿದ್ದವು. ಆಸ್ಪತ್ರೆಯ ಹಾಸಿಗೆ ಬಟ್ಟೆ ಬಂತು, ಶಾಲೆಗಳ ಧ್ವಜ ಬಂತು, ಪೇದೆಗಳ ಅಂಗಿ ಬಂತು. ಸಂಘದ ಎದುರಿನ ಚರಂಡಿಯ ಆಚೆ ಒಬ್ಬರು ಚಾ ಅಂಗಡಿ ಇಟ್ಟರು. ಅದರ ಪಕ್ಕ ಸೈಕಲ್ ರಿಪೇರಿ. ಹೆಂಗಸರು ಮೂಗು ಮುಚ್ಚಿ ದಾಟುತ್ತಿದ್ದ ಮೂಲೆಯಲ್ಲಿ ಬಸ್ಸು ನಿಲ್ಲತೊಡಗಿತು. ಮಧ್ಯಾಹ್ನ ನಾವು ಬುತ್ತಿ ಬಿಚ್ಚಿದಾಗ ಎಲ್ಲರ ಪದಾರ್ಥ ಎಲ್ಲರಿಗೂ. ಶುಕ್ರವಾರ ಬಾಯಮ್ಮನಿಗೆ ಮಾಂಸ ಇಲ್ಲ, ಸೋಮವಾರ ದೊಡ್ಡಕ್ಕನಿಗೆ ಮೀನು ಇಲ್ಲ. ಪೊರ್ಬುಗಳು ಮಾತ್ರ ದಿನವೂ ಗೊಣಗುತ್ತ ದಿನವೂ ಎಲ್ಲರ ಪಾತ್ರೆಯಿಂದ ರುಚಿ ನೋಡುತ್ತಿದ್ದರು. ಸಂಜೆ ಪೆಡಲುಗಳ ಸದ್ದು ನಿಂತ ಕೂಡಲೇ ಕಿವಿಯಲ್ಲಿ ಒಂದು ಥರದ ಮೌನ ತುಂಬುತ್ತಿತ್ತು. ಆ ಮೌನ ನನಗೆ ಬಹಳ ಇಷ್ಟ.

ನನ್ನ ಮದುವೆ ನಿಶ್ಚಯವಾದದ್ದೂ ಅಲ್ಲಿದ್ದಾಗಲೇ. ಗಂಡಿನ ಮನೆ ಮಿಜಾರಿನಲ್ಲಿ. ಧಾರೆಯ ರವಿಕೆಯನ್ನು ಎಲ್ಲರೂ ಸೇರಿ ಹೊಲಿದರು. ಪೊರ್ಬುಗಳು ಹೆಂಗಸರ ಬಟ್ಟೆಗೆ ಎಂದೂ ಕತ್ತರಿ ಹಾಕಿದವರಲ್ಲ. ಅಂದು ಕೇಳದೆಯೇ ತೋಳು ಕತ್ತರಿಸಿ ಕೊಟ್ಟರು. "ಬಿಗಿ ಆದರೆ ನನ್ನ ಹೆಸರು ಹೇಳಬೇಡ," ಎಂದರು.

ಅರವತ್ತರ ದಶಕ ಮುಗಿಯುತ್ತ ಬಂದಾಗ ಸರಕಾರ ಪಾನನಿರೋಧ ತೆಗೆಯಿತು. ಸಾರಾಯಿಯ ಹರಾಜು ಪುನಃ ಶುರುವಾಗಿ, ಗುತ್ತಿಗೆದಾರರು ಊರೂರಿಗೆ ಕಟ್ಟಡ ಹುಡುಕಿಕೊಂಡು ಬಂದರು. ಬಂಟ್ವಾಳದ ಧಣಿಗಳು ತೀರಿಹೋಗಿದ್ದರು. ಅವರ ಮಕ್ಕಳಿಗೆ ಗಡಂಗು ಬೇಕಾಯಿತು. ನಮ್ಮ ಬಿ.ಡಿ.ಒ. ಸಾಹೇಬರಿಗೆ ಎಂದೋ ವರ್ಗವಾಗಿತ್ತು. ಹೊಸಬರು, "ಕಟ್ಟಡ ಸರಕಾರದ್ದಲ್ಲ, ನಾವೇನು ಮಾಡುವುದು," ಎಂದರು. ಹೆಂಗಸರನ್ನು ಕರೆತಂದು ಮೂಲೆಯನ್ನು ಸುಧಾರಿಸಿದ್ದೂ ಸರಕಾರವೇ, ಅದೇ ಮೂಲೆಗೆ ಸಾರಾಯಿ ತಂದದ್ದೂ ಸರಕಾರವೇ. ದೊಡ್ಡಕ್ಕ ಮಿಜಾರಿಗೆ ಸುದ್ದಿ ಕಳಿಸಿದಳು. ನಾನು ಸಣ್ಣ ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದೆ.

ನಾನು ಹೋಗುವಾಗ ಎಲ್ಲರೂ ಒಳಗೆ ಸೇರಿದ್ದರು. ದೊಡ್ಡಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಿಶನುಗಳನ್ನು ಅವರವರ ಮನೆಗೆ ಒಯ್ಯುವುದು, ಸಂಘ ಮುಚ್ಚುವುದು ಎಂಬ ಮಾತು ನಡೆಯುತ್ತಿತ್ತು. ಆಗ ಕಾಜ ಮಾಡುತ್ತಿದ್ದ ಬಾಯಮ್ಮ ತಲೆ ಎತ್ತದೆಯೇ ಹೇಳಿದರು: "ನಮ್ಮ ಮನೆಯ ಎದುರಿನ ಕೋಣೆ ದೊಡ್ಡದುಂಟು. ಅಲ್ಲಿಗೆ ತೆಗೊಂಡು ಹೋಗುವ."

ಪೊರ್ಬುಗಳು ಕತ್ತರಿ ಕೆಳಗಿಟ್ಟರು. "ನನ್ನನ್ನು ಕೇಳಿದ್ದೀಯಾ?"

"ಇಲ್ಲ. ಕೇಳಿದರೆ ಬೇಡ ಹೇಳ್ತೀರಿ. ಒಂದು ವಾರ ಕಳೆದು ಹೌದು ಹೇಳ್ತೀರಿ. ಆ ಒಂದು ವಾರ ಯಾಕೆ ಹಾಳು ಮಾಡುದು?"

ಮೊದಲು ನಕ್ಕದ್ದು ದೊಡ್ಡಕ್ಕ. ನಕ್ಕು ಕೆಮ್ಮಿ, ಕೆಮ್ಮಿ ನಕ್ಕು, ಕಣ್ಣು ಒರೆಸಿಕೊಂಡಳು. ಪೊರ್ಬುಗಳ ಮೀಸೆಯೂ ಅಲುಗಿತು. ಚಾ ಅಂಗಡಿಯವರು ಎತ್ತಿನ ಗಾಡಿ ತರಿಸಿಕೊಟ್ಟರು. ಸೈಕಲ್ ರಿಪೇರಿಯವರು ಮಿಶನು ಎತ್ತಲು ಬಂದರು. ಹಿಂದೆ ಕಿಟಕಿಯಲ್ಲಿ ತಮಾಷೆ ಮಾಡುತ್ತಿದ್ದವರಲ್ಲಿ ಇಬ್ಬರು ಅಂಗಿ ಬಿಚ್ಚಿ, ಬೆಂಚುಗಳನ್ನು ತಲೆಯ ಮೇಲೆ ಹೊತ್ತು ನಡೆದರು. ಗಾಡಿಯ ಹಿಂದೆ ನಾವು ಹೆಂಗಸರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಇಸ್ತ್ರಿಪೆಟ್ಟಿಗೆ, ನೂಲಿನ ಡಬ್ಬಿ, ಗೋಡೆಯ ಕ್ಯಾಲೆಂಡರು. ಕ್ರೈಸ್ತರ ಇಗರ್ಜಿಯ ಕಡೆ ಹೋಗುವ ಆ ಏರು ದಾರಿಯಲ್ಲಿ ಜನ ಬಾಗಿಲಿಗೆ ಬಂದು ನೋಡಿದರು. ಯಾರೂ ನಗಲಿಲ್ಲ. ಒಬ್ಬ ಅಜ್ಜಿ ಮಜ್ಜಿಗೆ ತಂದು ಎಲ್ಲರಿಗೂ ಕೊಟ್ಟರು.

ಸಿದ್ಧ ಉಡುಪುಗಳು ಅಂಗಡಿಗಳಿಗೆ ಬರುವವರೆಗೂ ಸಂಘ ಆ ಮನೆಯಲ್ಲೇ ನಡೆಯಿತು. ಸರಕಾರದ ರಿಯಾಯಿತಿ ಅದಕ್ಕಿಂತ ಮೊದಲೇ ನಿಂತಿತ್ತು, ಹಾಸ್ಟೆಲಿನವರು ಮಾತ್ರ ಇವರ ಚಡ್ಡಿಯೇ ಬೇಕೆಂದು ಬರುತ್ತಿದ್ದರಂತೆ. ದೊಡ್ಡಕ್ಕ ಕೊನೆಯ ಕಾಲದಲ್ಲಿ ಹಾಸಿಗೆ ಹಿಡಿದಾಗ ನೋಡಿಕೊಂಡದ್ದು ಬಾಯಮ್ಮ. ನಾನು ನೋಡಲು ಹೋದಾಗ ದೊಡ್ಡಕ್ಕ ಬಾಯಮ್ಮನ ಮನೆಯ ಕಿಟಕಿಯ ಬಳಿ ಮಲಗಿ, ಮುಂದಿನ ಕೋಣೆಯ ಮಿಶನುಗಳ ಸದ್ದು ಕೇಳುತ್ತಿದ್ದಳು. ನನ್ನ ಮಗಳನ್ನು ಹತ್ತಿರ ಕರೆದು ಅವಳ ಫ್ರಾಕಿನ ಅಂಚನ್ನು ಮಡಚಿ ನೋಡಿದಳು.

"ನೀನೇ ಹೊಲಿದದ್ದಾ?"

ಹೌದು ಎಂದೆ.

"ಹೊಲಿಗೆ ಸಣ್ಣ ಉಂಟು, ಒಳ್ಳೇದು. ಉದ್ದ ಸ್ವಲ್ಪ ಇಳಿಸು, ಮಾರಾಯ್ತಿ. ಬೆಳೆಯುವ ಹುಡುಗಿ."

ಮಿಜಾರಿಗೆ ಹಿಂದಿರುಗಿದ ಮೇಲೆ ನಾನು ಮೊದಲು ಮಾಡಿದ ಕೆಲಸ ಅದೇ.